ಆರನೆಯ ಒತ್ತೆಯಾಳು

ದೂರು ಒಲ್ಕಿಮಾ ಠಾಣೆಗೆ ಬಂದದ್ದು ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ತಂದವರು ಬೆಟ್ಟದ ಮೇಲಿನ ಶಾಂತಿಪಾಲನಾ ತರಬೇತಿ ಕೇಂದ್ರದ ಕರ್ನಲ್ ಮುಸಿಲಿ. ಇನ್‌ಸ್ಪೆಕ್ಟರ್ ಶೀ ಅಥ್‌ಮಾನ್‌ಗೆ ಅದು ರಂಜಾನಿನ ಮೂರನೆಯ ಉಪವಾಸ, ನೌಕರಿಯ ಮೂವತ್ತೊಂದನೆಯ ವರ್ಷ. ಎರಡರ ಭಾರವೂ ಆತನ ಭುಜದ ಮೇಲೆ ಕಾಣುತ್ತಿತ್ತು.

"ನಮ್ಮ ಮೇಜರ್ ಒಬ್ರು ಕಾಣಿಸ್ತಿಲ್ಲ," ಎಂದರು ಕರ್ನಲ್. "ಹೆಸರು ಲುಗಾಲಾ."

"ಯಾವಾಗಿಂದ?"

"ನಿನ್ನೆ ಮಧ್ಯಾಹ್ನ ಎರಡೂವರೆಯಿಂದ."

"ಈಗ ಬಂದ್ರಾ ಹೇಳೋಕೆ?"

ಕರ್ನಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಎರಡೂವರೆಗೆ ಅವರನ್ನ ಅಪಹರಿಸಿದ್ದು ನಾವೇ."

ಒಂಬತ್ತು ದೇಶಗಳ ಸೈನಿಕರು, ಪೊಲೀಸರು, ನಾಗರಿಕ ಅಧಿಕಾರಿಗಳು ಒಟ್ಟಿಗೆ ಕಲಿಯುವ ಆರು ವಾರಗಳ ಶಿಬಿರವದು. ಕೊನೆಯ ವಾರ ಅಭ್ಯಾಸಕ್ಕೆಂದು ಗುಡ್ಡದ ಮೇಲೆ ಇಲ್ಲದ ದೇಶವೊಂದು ಹುಟ್ಟುತ್ತದೆ. ಸುತ್ತಲಿನ ಹಳ್ಳಿಯವರೇ ಅಲ್ಲಿ ನಿರಾಶ್ರಿತರು, ಬಂಡುಕೋರರು. ಬುಧವಾರ ಬಂಡುಕೋರರು ವಾಹನ ತಡೆದು ಆರು ಜನರ ಮುಖಕ್ಕೆ ಮುಸುಕು ಹಾಕಿ ಒಯ್ಯಬೇಕು. ಉಳಿದವರು ಮಾತುಕತೆ ನಡೆಸಿ ಬಿಡಿಸಿಕೊಳ್ಳಬೇಕು. ಸಂಜೆ ಆರಕ್ಕೆ ಐವರು ಬಂದರು.

"ಆರನೆಯವರು ಎಲ್ಲಿ ಅಂತ ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ಅದೂ ಪರೀಕ್ಷೆಯ ಭಾಗ ಅಂತ ಎಲ್ಲರೂ ಅಂದ್ಕೊಂಡ್ರು. ಮೇಲ್ವಿಚಾರಕರು ಬಂಡುಕೋರರ ಹತ್ರ ಇದ್ದಾರೆ ಅಂದ್ಕೊಂಡ್ರು. ಬಂಡುಕೋರರು ಮೇಲ್ವಿಚಾರಕರ ಹತ್ರ ಇದ್ದಾರೆ ಅಂತ."

ಸಾರ್ಜೆಂಟ್ ಕೆರುಬೊ ಘಟನಾ ಪುಸ್ತಕದಿಂದ ತಲೆ ಎತ್ತಿದಳು. "ಸಾರ್, ಇದನ್ನ ಹೇಗೆ ಬರೀಲಿ? ದೂರುದಾರರೇ ಅಪಹರಣಕಾರರು ಅಂತ್ಲಾ?"

"ಅವರು ಹೇಳಿದ ಹಾಗೇ ಬರಿ."

ಕರ್ನಲ್ ಇನ್ನೂ ಎದ್ದಿರಲಿಲ್ಲ. "ಇನ್ನೊಂದು ವಿಷ್ಯ. ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಔಷಧಿ ಚೀಲ ಹಾಸಿಗೆ ಮೇಲೇ ಉಳ್ಕೊಂಡಿದೆ."

ಎರಡು ಸೂಜಿ ಈಗಾಗಲೇ ತಪ್ಪಿದ್ದವು. ಅಥ್‌ಮಾನ್ ಜೀಪಿನ ಕೀಲಿ ಎತ್ತಿಕೊಂಡ.

ಹತ್ತು ಇಪ್ಪತ್ತೈದಕ್ಕೆ ಇಬ್ಬರು ಸಾಕ್ಷಿಗಳ ಮುಂದೆ ಸ್ಥಳದ ಪಂಚನಾಮೆ ಶುರುವಾಯಿತು. ವಾಹನ ತಡೆದ ತಿರುವಿನಿಂದ ಐದು ಜೊತೆ ಬೂಟಿನ ಗುರುತುಗಳು ಎಡಕ್ಕೆ, ಬಂಡುಕೋರರ ಗುಡಿಸಲುಗಳ ಕಡೆ ಹೋಗಿದ್ದವು. ಆರನೆಯ ಜೊತೆ ಬಲಕ್ಕೆ ತಿರುಗಿತ್ತು. ಅದರ ಪಕ್ಕದಲ್ಲೇ ಟಯರ್ ಚಪ್ಪಲಿಯ ಗುರುತು, ಚಿಕ್ಕ ಪಾದದ್ದು. ಎಳೆದಾಟದ ಕುರುಹಿಲ್ಲ. ತಗ್ಗು ಬಂದಲ್ಲಿ ಎರಡೂ ಗುರುತುಗಳು ಹತ್ತಿರವಾಗಿದ್ದವು, ಕಣ್ಣು ಕಾಣದವನ ಕೈ ಹಿಡಿದು ಯಾರೋ ದಾಟಿಸಿದಂತೆ.

"ಒಳ್ಳೇ ಮದುವೆ ದಿಬ್ಬಣ ಹೋದ ಹಾಗೆ ಹೋಗಿದ್ದಾರಲ್ಲ ಸಾರ್," ಎಂದಳು ಕೆರುಬೊ. "ಒಂದು ಸಲ ಕೂಗ್ಬಾರ್ದಿತ್ತಾ?"

ಉತ್ತರ ಕೊಟ್ಟವಳು ಮಾತುಕತೆಯ ತಂಡದ ಮುಖ್ಯಸ್ಥೆ ತಿಗಿಸ್ಟ್. ಇಥಿಯೋಪಿಯಾದ ನಾಗರಿಕ ಅಧಿಕಾರಿ, ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. "ಕೂಗಿದ್ರೆ ಅಂಕ ಹೋಗುತ್ತೆ. ಎದುರಾಡ್ಬೇಡಿ, ಹೇಳಿದ ಕಡೆ ನಡೀರಿ, ತಾಳ್ಮೆ ಇರಲಿ. ಒತ್ತೆಯಾಳಿಗೆ ಮೂರು ವಾರ ಕಲಿಸಿದ್ದು ಅದನ್ನೇ."

"ನಿಜವಾಗ್ಲೂ ತೊಂದ್ರೆ ಆದ್ರೆ?"

"'ಆಟ ಸಾಕು' ಅನ್ಬೇಕು. ಯಾರು ಅಂದ್ರೂ ಎಲ್ಲಾ ನಿಲ್ಲಬೇಕು, ಅದು ಇಲ್ಲಿನ ನಿಯಮ. ಯಾರಿಗೂ ಕೇಳಿಸಿಲ್ಲ." ಆಕೆ ಕಣ್ಣುಜ್ಜಿಕೊಂಡಳು. "ರಾತ್ರಿಯೆಲ್ಲ ನಾನು ಆರನೆಯವರನ್ನ ಕೊಡಿ ಅಂತ ಫೋನಲ್ಲಿ ಬೇಡ್ತಿದ್ದೆ ಸಾರ್. ಆ ಕಡೆ ಬಂಡುಕೋರರಾಗಿದ್ದವರು ಇದೂ ಆಟ ಅಂದ್ಕೊಂಡು, ಚೆನ್ನಾಗಿ ಮಾಡ್ತಿದ್ದೀಯ, ಮುಂದುವರಿಸು ಅಂದ್ರು."

ಮೇಜರ್ ಎದುರಾಡದೆ ನಡೆದಿದ್ದಾರೆ ಅಂದರೆ ಕರೆದೊಯ್ದವರು ಆಟದವರೇ. ಅಥ್‌ಮಾನ್ ಪಾತ್ರಧಾರಿಗಳ ಪಟ್ಟಿ ತರಿಸಿದ. ಮೂವತ್ತೆಂಟು ಹೆಸರುಗಳಲ್ಲಿ ಒಂದರ ಎದುರಿನ ಪಾತ್ರ ಹೊಡೆದುಹಾಕಿ ಬೇರೆ ಬರೆದಿತ್ತು.

"ಯಾರಿವರು, ನಬಿಂಟು?"

"ಸರೋವರದಾಚೆಯ ದೇಶದಿಂದ ಬಂದವರು," ಎಂದರು ಕರ್ನಲ್. "ನಿಜವಾದ ನಿರಾಶ್ರಿತೆ. ಒಂಬತ್ತು ವರ್ಷದಿಂದ ಅವರದ್ದು ಒಂದೇ ಪಾತ್ರ. ಶಿಬಿರದ ಗೇಟಿನ ಹತ್ರ ನಿಂತು, ಒಳಗೆ ಬಿಡಿ ಅಂತ ಅಳೋ ತಾಯಿ. ಅವರ ಹಾಗೆ ಅಳೋರು ಯಾರೂ ಇಲ್ಲ. ಹೊಸ ಅಧಿಕಾರಿಗಳು ಗಡಗಡ ನಡುಗ್ತಾರೆ."

"ಈ ಸಲ ಬಂಡುಕೋರರ ಗುಂಪಿಗೆ ಯಾಕೆ ಬದಲಾಯಿಸಿದ್ರು?"

"ಅವರೇ ಕೇಳಿದ್ರು. ಅತ್ತೂ ಅತ್ತೂ ಸಾಕಾಯ್ತು ಅಂದ್ರು."

"ಯಾವಾಗ ಕೇಳಿದ್ದು?"

ಕರ್ನಲ್ ದಿನಚರಿ ತಿರುವಿದರು. ಫೆಬ್ರವರಿ ಆರು, ಶಿಬಿರದ ಎರಡನೆಯ ದಿನ.

"ಮೊದಲನೆಯ ದಿನ ಏನು ನಡೀತು?"

"ಏನಿಲ್ಲ, ಪರಿಚಯ. ಎಲ್ಲೆಲ್ಲಿ ಕೆಲಸ ಮಾಡಿದ್ದೀನಿ ಅಂತ ಒಬ್ಬೊಬ್ಬರೇ ಹೇಳ್ತಾರೆ. ಪಾತ್ರಧಾರಿಗಳು ಹಿಂದಿನ ಬೆಂಚಲ್ಲಿ ಕೂತಿರ್ತಾರೆ." ಹೇಳುತ್ತ ಹೇಳುತ್ತ ಕರ್ನಲ್ ಮುಖ ಬಣ್ಣಗೆಟ್ಟಿತು. "ಲುಗಾಲಾ ಹನ್ನೆರಡು ವರ್ಷದ ಹಿಂದೆ ಸರೋವರದಾಚೆ ಶಾಂತಿಪಡೆಯ ಒಂದು ಶಿಬಿರದಲ್ಲಿದ್ರು. ಗೇಟಿನ ಕಾವಲು ಅವರದ್ದೇ."

ನಬಿಂಟುವಿನ ಕೋಣೆಗೆ ಬೀಗ. ಪಕ್ಕದ ಮನೆಯವಳು ಜೋಳ ಬಿಡಿಸುತ್ತ ಕೂತಿದ್ದಳು.

"ಅಮ್ಮ ಎಲ್ಲಿ?" ಎಂದು ಕೇಳಿದಳು ಕೆರುಬೊ.

"ನಿನ್ನೆಯಿಂದ ಹಳೇ ಹಾಲಿನ ಶೆಡ್ಡಲ್ಲಿ. ನೆಂಟರು ಬಂದಿದ್ದಾರಂತೆ. ಬೆಳಿಗ್ಗೆ ಗಂಜಿ ಮಾಡ್ಕೊಂಡು ಹೋದ್ರು. ಯಾಕೆ, ಪೊಲೀಸ್ನೋರು ನೆಂಟರಿಗೂ ಪರವಾನಗಿ ಕೇಳೋಕೆ ಶುರು ಮಾಡಿದ್ರಾ?"

ಹನ್ನೆರಡು ಐದಕ್ಕೆ ಅವರು ಶೆಡ್ ತಲುಪಿದರು. ಒಂದು ಕಾಲಕ್ಕೆ ಊರಿನ ಹಾಲೆಲ್ಲ ಅಲ್ಲಿ ಸೇರುತ್ತಿತ್ತು. ಈಗ ತಗಡು ಮಾತ್ರ ಉಳಿದಿತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗಿಂದ ಹೆಂಗಸಿನ ದನಿ ಒಂದೇ ಎಳೆಯಲ್ಲಿ ಬರುತ್ತಿತ್ತು: ಒಂದು ಹೆಸರು, ವಯಸ್ಸು, ಯಾರ ಮಗ, ಯಾರ ಮಗಳು, ಮತ್ತೊಂದು ಹೆಸರು. ಕೆರುಬೊ ಬಾಗಿಲಿಗೆ ಕೈ ಹಾಕಿದಳು. ಅಥ್‌ಮಾನ್ ಅವಳ ಮಣಿಕಟ್ಟು ಹಿಡಿದ. ಹುಟ್ಟೂರು ಲಾಮುವಿನಲ್ಲಿ ಅವನ ಅಜ್ಜಿ ಜಗಲಿಯ ಮೇಲೆ ಕೂತು ಪದ್ಯ ಹೇಳುವಾಗ ಹಾದಿಯಲ್ಲಿ ಹೋಗುವ ಹೆಣಹೊರುವವರೂ ಚರಣ ಮುಗಿಯುವ ತನಕ ನಿಲ್ಲುತ್ತಿದ್ದರು. ಆತ ಬಾಗಿಲ ಸಂದಿಯಿಂದ ನೋಡಿದ. ಮೇಜರ್ ಗೋಡೆಗೊರಗಿ ಕೂತಿದ್ದರು, ಉಸಿರಾಡುತ್ತಿದ್ದರು, ಕಣ್ಣು ತೆರೆದಿತ್ತು. ಇನ್ನೂ ನಾಲ್ಕೈದು ಹೆಸರು ಬಂದು ದನಿ ನಿಂತಿತು. ಅಷ್ಟನ್ನು ಕೇಳಿಸಿಕೊಂಡೇ ಆತ ಒಳಗೆ ಕಾಲಿಟ್ಟ.

ಲುಗಾಲಾರ ತುಟಿ ಒಡೆದಿತ್ತು, ಮಾತು ತೊದಲುತ್ತಿತ್ತು. ಕೈಕಾಲು ಕಟ್ಟಿರಲಿಲ್ಲ, ಮುಸುಕು ತೊಡೆಯ ಮೇಲೆ ಮಡಚಿಟ್ಟಿತ್ತು. ಕೆರುಬೊ ಕೇಂದ್ರದಿಂದ ತಂದಿದ್ದ ಸೂಜಿಯ ಚೀಲ ಬಿಚ್ಚಿ ಅವರ ಕೈಗೆ ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಬಾಗಿಲಿಗೆ ಚಿಲಕ ಇರ್ಲಿಲ್ಲವಲ್ಲ ಮೇಜರ್. ಯಾಕೆ ಹೊರಗೆ ಬರ್ಲಿಲ್ಲ?" ಎಂದು ಕೇಳಿದ ಅಥ್‌ಮಾನ್.

ಹೇಳಿದವಳು ನಬಿಂಟು. "ಮೊದ್ಲು ಒಂದು ಸಲ ಆಟ ಸಾಕು ಅಂದ್ರು ಸಾಹೇಬ್ರೆ. ನಾನು ಅವರ ಶಿಬಿರದ ಹೆಸರು ಹೇಳ್ದೆ. ಆಮೇಲೆ ಅನ್ಲಿಲ್ಲ."

"ನನ್ನಿಂದ ದೂರಿಲ್ಲ," ಎಂದರು ಲುಗಾಲಾ. "ಆ ರಾತ್ರಿ ಹೊರಗೆ ದಾಳಿ ನಡೀತಿದ್ರೂ ಗೇಟು ತೆರೀಬೇಡ ಅಂತ ಆದೇಶ ಇತ್ತು. ಬೆಳಗಾದ ಮೇಲೆ ತೆರೆದೆ. ಇವರು ಏನೂ ಮಾಡ್ಲಿಲ್ಲ. ಕೇಸ್ ಬೇಡ."

"ಸೂಜಿ ವಿಷ್ಯ ನಂಗೆ ಗೊತ್ತಿರ್ಲಿಲ್ಲ," ಎಂದಳು ನಬಿಂಟು. "ಅವರು ಬಾಯಿ ಬಿಡ್ಲಿಲ್ಲ."

ಅಥ್‌ಮಾನ್ ಗೋಡೆಗೆ ಕೈ ಊರಿದ. ಬಾಯಿ ಒಣಗಿತ್ತು. "ದೂರು ಆಗ್ಲೇ ದಾಖಲಾಗಿದೆ ಅಮ್ಮ. ಆದ್ರೆ ಮೇಜರ್ ಹೀಗೆ ಹೇಳಿಕೆ ಕೊಟ್ರೆ, ನಾನೊಂದು ವರದಿ ಹಾಕಿ ಇಲ್ಲಿಗೇ ಮುಗಿಸ್ಬಹುದು. ನೀವು ಮನೆಗೆ ಹೋಗ್ಬಹುದು."

ಆಕೆಯ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಂಡಿತು.

"ಮುಗಿಸ್ಬೇಡಿ! ಹನ್ನೆರಡು ವರ್ಷ ಅಲೆದಿದ್ದೀನಿ. ಎರಡು ದೇಶದ ಕಚೇರಿ, ದೊಡ್ಡೋರ ಕಚೇರಿ. ಕೂತ್ಕೊಳ್ಳಿ ಅಂತಾರೆ, ಟೀ ಕೊಡ್ತಾರೆ, ಪಾಪ ಅಂತಾರೆ. ಯಾರೂ ಪೆನ್ನು ತೆಗೀಲಿಲ್ಲ. ಇಲ್ಲಿ ನಿಮ್ಮೋರಿಗೆ ಪಾಠ ಮಾಡ್ತಾರಲ್ಲ, ನಾನು ಹಿಂದೆ ಕೂತು ಒಂಬತ್ತು ವರ್ಷ ಕೇಳಿದ್ದೀನಿ. ಆರೋಪಿ ಹೇಳಿದ್ದನ್ನ ಹೇಳಿದ ಹಾಗೇ, ಪೂರ್ತಿ ಬರ್ಕೋಬೇಕು. ಓದಿ ಹೇಳ್ಬೇಕು. ಕೋರ್ಟಿಗೆ ಕೊಡ್ಬೇಕು. ಹೌದೋ ಅಲ್ವೋ?"

"ಹೌದು."

"ಹಂಗಾದ್ರೆ ನನ್ನ ಹಿಡ್ಕೊಂಡು ಹೋಗಿ."

ಕೆರುಬೊ ಹೊರಗೆ ಹೋಗಿ ಜೀಪಿನ ಹಿಂದಿನ ಸೀಟು ಒರೆಸಿದಳು.

ಬಂಧನದ ಹೊತ್ತು ಹನ್ನೆರಡು ನಲವತ್ತು ಎಂದು ದಾಖಲಾಯಿತು. ಹೇಳಿಕೆ ಶುರುವಾದದ್ದು ಎರಡಕ್ಕೆ. ಕೆರುಬೊ ಬರೆಯಲು ಹೊರಟಾಗ ಅಥ್‌ಮಾನ್ ಕೈ ಚಾಚಿ ಪೆನ್ನು ತಾನೇ ತೆಗೆದುಕೊಂಡ. ಅಪಹರಣದ ಬಗ್ಗೆ ಆರೋಪಿ ಹೇಳಿದ್ದು ಅರ್ಧ ಪುಟ. ಉಳಿದದ್ದು ಆ ಶಿಬಿರದ ಗೇಟು, ಅದರ ಹೊರಗೆ ಬೆಳಗಿನ ತನಕ ನಿಂತವರು, ಬೆಳಗಿನ ಹೊತ್ತಿಗೆ ಇಲ್ಲದವರು. ನಲವತ್ತಮೂರು ಹೆಸರು. ಇಫ್ತಾರಿನ ಕರೆ ಕೇಳಿದಾಗ ಕೆರುಬೊ ನೀರಿನ ಲೋಟ, ಎರಡು ಖರ್ಜೂರ ತಂದು ಮೇಜಿನ ಅಂಚಿಗಿಟ್ಟಳು. ಆತ ಒಂದು ಗುಟುಕು ಕುಡಿದು ಬರೆಯುತ್ತ ಹೋದ.

ಏಳು ಗಂಟೆಗೆ ಹೇಳಿಕೆಯನ್ನು ಓದಿ ಹೇಳಲಾಯಿತು. ಆರೋಪಿ ಕಣ್ಣು ಮುಚ್ಚಿ ಕೇಳಿದಳು. ಹದಿನೇಳನೆಯ ಹೆಸರಿಗೆ ಕೈ ಎತ್ತಿದಳು.

"ಅವನಿಗೆ ಏಳಲ್ಲ ಸಾಹೇಬ್ರೆ. ಎಂಟು. ಅದರ ಹಿಂದಿನ ಭಾನುವಾರ ತುಂಬಿತ್ತು."

ಇನ್‌ಸ್ಪೆಕ್ಟರ್ ಏಳನ್ನು ಹೊಡೆದು ಎಂಟು ಎಂದು ಬರೆದ. ತಿದ್ದುಪಡಿಯ ಪಕ್ಕದಲ್ಲಿ, ನಿಯಮದಂತೆ, ಇಬ್ಬರೂ ಸಹಿ ಹಾಕಿದರು.