ಅಂಗಡಿಯಿಂದ ತಂದ ದನಿ

ಕಾಯೆತಾನ್ ವ್ರೋನಾನ ಮುಖ ಪೋಲೆಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ದನಿ ಗೊತ್ತಿಲ್ಲದವರು ಇರಲಿಲ್ಲ. ಟಿವಿಯಲ್ಲಿ ಬರುವ ಹೊರದೇಶದ ಸಿನಿಮಾಗಳ ಮಾತನ್ನೆಲ್ಲ ಅವನೊಬ್ಬನೇ ಪೋಲಿಷ್‌ನಲ್ಲಿ ಓದುತ್ತಿದ್ದ. ನಾಯಕ, ನಾಯಕಿ, ಅಳುವ ಮಗು, ಸಾಯುವ ಮುದುಕಿ, ಎಲ್ಲರಿಗೂ ಅದೇ ಏರಿಳಿತವಿಲ್ಲದ ಗಂಡು ದನಿ. ಅಲ್ಲಿಯ ಜನಕ್ಕೆ ಹಾಗೆ ಕೇಳಿಯೇ ರೂಢಿ. ಅರ್ಧ ಆಯುಸ್ಸು ಹೀಗೆ ಬೇರೆಯವರ ಮಾತು ಓದಿದ ಮೇಲೆ ಒಂದು ದಿನ ಸ್ಟುಡಿಯೋದ ಯಜಮಾನ ರೋಖ್ ಅವನನ್ನು ಕರೆಸಿದ. ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಯಂತ್ರಕ್ಕೆ ಉಣಿಸಿಯಾಗಿತ್ತು. ಇನ್ನು ಅದೇ ಅವನ ದನಿಯಲ್ಲಿ ಓದುತ್ತದಂತೆ.

"ನಿನ್ನ ಗಂಟಲಿಗೆ ವಯಸ್ಸಾಯ್ತು ಮಾರಾಯ. ಇದಕ್ಕೆ ನೆಗಡಿ ಆಗಲ್ಲ, ರಜಾ ಕೇಳಲ್ಲ, ಮೂತಿ ಊದಿಸ್ಕೊಳಲ್ಲ."

"ಅದು ನನ್ನ ದನಿ ಕಣೋ ರೋಖ್."

"ಆಗಿತ್ತು. ಈಗ ಸ್ಟುಡಿಯೋದು. ನೀನೇ ಸಹಿ ಹಾಕಿದ್ದೀಯಲ್ಲ."

ಆಮೇಲೆ ರೋಖ್ ಟಿವಿಯಲ್ಲಿ ಕೂತು ಯಂತ್ರದ ಬುದ್ಧಿಯಿಂದ ಸಮಾಜಕ್ಕೆ ಆಗುವ ಉಪಕಾರವನ್ನು ವಿವರಿಸಿದ. ಕಣ್ಣು ಕಾಣದವರು ಇನ್ನು ಯಾವ ಪುಸ್ತಕವನ್ನಾದರೂ ಕೇಳಬಹುದು, ಈ ದನಿ ತುಂಬಿ ಮಾರುವ ಮಾತಾಡುವ ಡಬ್ಬಿಯಿಂದ ಒಂಟಿ ಮುದುಕರಿಗೆ ಮಾತಿಗೊಂದು ಜೊತೆ ಸಿಕ್ಕಿತು ಎಂದ. ಎದುರಿಗೆ ಕೂತಿದ್ದ ಪ್ರೊಫೆಸರು ತಲೆಯಾಡಿಸಿ, ನಾಳೆ ಕಳ್ಳರು ಒಂದು ಕಡೆ ದನಿ ಬಿಟ್ಟು ಇನ್ನೊಂದು ಕಡೆ ಕೈಚಳಕ ತೋರಿಸುತ್ತಾರೆ, ಆಗ ಯಾರನ್ನು ನಂಬುತ್ತೀರಿ ಎಂದರು. ಕಾಯೆತಾನ್ ಇಬ್ಬರ ಮಾತನ್ನೂ ಗಮನವಿಟ್ಟು ಕೇಳಿದ. ಉಪಕಾರ ಹೇಳಿದವನ ಮೇಲೆ ಸಿಟ್ಟು ಬಂತು, ಅಪಾಯ ಹೇಳಿದವರಿಂದ ಉಪಾಯ ಸಿಕ್ಕಿತು.

ಸಿಟ್ಟು ಕೊಲೆಯ ಮಟ್ಟಕ್ಕೆ ಬೆಳೆದದ್ದು ಮಾತ್ರ ನಿಧಾನವಾಗಿ. ಕೆಲಸ ಹೋದ ಮೇಲೆ ಅವನು ದಿನಗಟ್ಟಲೆ ಬಾಯಿ ತೆರೆಯದೆ ಇದ್ದುಬಿಡುತ್ತಿದ್ದ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಸ್ನೇಹಿತರೆಲ್ಲ ಸ್ಟುಡಿಯೋದವರು. ಒಮ್ಮೆ ಬೇಕರಿಯಲ್ಲಿ ಬ್ರೆಡ್ ಕೇಳಿದ. ಅಲ್ಲಿಯ ಹುಡುಗಿ ನಕ್ಕು, "ಅರೆ, ನೀವು ನಮ್ಮಜ್ಜಿ ಮನೆ ಮಾತಾಡೋ ಡಬ್ಬಿ ಥರಾನೇ ಮಾತಾಡ್ತೀರಲ್ಲ!" ಎಂದಳು. ಅವನಿಗೆ ಎದೆಗೆ ಒದ್ದಂತಾಯಿತು. ಅಂದಿನಿಂದ ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ತರುತ್ತಿದ್ದ.

ಯೋಜನೆ ಸರಳವಾಗಿತ್ತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವರಿದ್ದ ವೂಚ್ ನಗರದಲ್ಲಿ ಊರಿಗೆ ಊರೇ ಮನೆ ಸೇರಿಕೊಂಡಿರುತ್ತದೆ. ಬೀದಿಯಲ್ಲಿ ನೋಡುವವರಿಲ್ಲ. ರೋಖ್‌ನ ಹೆಂಡತಿ ಅವನನ್ನು ಬಿಟ್ಟು, ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ ವರ್ಷಗಳಾಗಿದ್ದವು, ಆ ಸಂಜೆಯೂ ಅವನು ಒಬ್ಬನೇ. ಸ್ಟುಡಿಯೋ ಇದ್ದದ್ದು ಅವನ ಮನೆಯದೇ ನೆಲಮಾಳಿಗೆಯಲ್ಲಿ. ಅಲ್ಲಿಗಿಳಿಯುವ ಕಡಿದಾದ ಕಲ್ಲುಮೆಟ್ಟಿಲಿನಲ್ಲಿ ಒಮ್ಮೆಯಾದರೂ ಜಾರದ ಕಲಾವಿದನಿರಲಿಲ್ಲ. ಕುಡಿದ ಯಜಮಾನ ಹಬ್ಬದ ಸಂಜೆ ಅಲ್ಲೇ ಜಾರಿ ಬಿದ್ದ ಎಂದರೆ ಯಾರು ತಾನೇ ಅನುಮಾನ ಪಡುತ್ತಾರೆ? ಪಟ್ಟರೂ ಅದಕ್ಕೆ ಉತ್ತರವಿರಬೇಕು ಎಂದು ಕಾಯೆತಾನ್ ಅಂಗಡಿಗೆ ಹೋಗಿ ತನ್ನ ದನಿಯನ್ನೇ ಕೊಂಡು ತಂದ.

ಹಿಡಿಯಷ್ಟು ದೊಡ್ಡ ಕಪ್ಪು ಡಬ್ಬಿ ಅದು. ಹೇಳಿಕೊಟ್ಟರೆ ಹಾಡು ಗುನುಗುತ್ತದೆ, ಪುಸ್ತಕ ಓದುತ್ತದೆ, ಯಾರಾದರೂ ಕೂಗಿದರೆ ಓಗೊಡುತ್ತದೆ. ಅವನಿದ್ದ ಕಟ್ಟಡದ ಗೋಡೆಗಳೋ, ಈ ಕಡೆ ಕೆಮ್ಮಿದರೆ ಆ ಕಡೆ ಕೇಳುವಂಥವು. ಆ ಕಡೆ ಇದ್ದದ್ದು ಗೆನೊವೆಫಾ ಎಂಬ ವಿಧವೆ ಮುದುಕಿ. ಹಬ್ಬಕ್ಕೆ ಅವಳ ಮಗ ಸೆವೆರಿನ್ ಬರುತ್ತಿದ್ದ, ಅವನು ಪೊಲೀಸಿನವನು. ಬೇರೆಯವರಾದರೆ ಹೆದರುತ್ತಿದ್ದರು, ಕಾಯೆತಾನ್ ಸಂತೋಷಪಟ್ಟ. ಸಂಜೆಯಿಡೀ ತನ್ನ ದನಿ ಕೇಳಿದೆ ಎಂದು ಪೊಲೀಸಿನವನೇ ಸಾಕ್ಷಿ ಹೇಳುವುದಕ್ಕಿಂತ ಇನ್ನೇನು ಬೇಕು! ಮುದುಕಿಯಂತೂ ಪ್ರತಿವರ್ಷ ಆ ಸಂಜೆ ಬಂದು ಬಾಗಿಲು ತಟ್ಟುತ್ತಿದ್ದಳು. ಏನೋ ಹೇಳುತ್ತಿದ್ದಳು. ಇವನು ಒಳಗಿಂದಲೇ ಬೇಡ ಎನ್ನುತ್ತಿದ್ದ. ಆಮೇಲೆ ಹೊಸಿಲಿನ ಮುಂದೆ ಮುಚ್ಚಿಟ್ಟ ತಿಂಡಿ ಸಿಗುತ್ತಿತ್ತು. ಈ ವರ್ಷವೂ ತಟ್ಟಲಿ, ಡಬ್ಬಿ ಉತ್ತರ ಕೊಡಲಿ.

ಮೊದಲು ಪರೀಕ್ಷೆ ಮಾಡಿ ನೋಡಿದ. ರೇಡಿಯೋ ಜೋರಾಗಿಟ್ಟು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತ. ಮುದುಕಿ ಬಂದು ಬಾಗಿಲು ತಟ್ಟಿದಳು. ಡಬ್ಬಿ ವಿನಯದಿಂದ ಅವಳ ಮಂಡಿನೋವು ವಿಚಾರಿಸಿತು, ಮದ್ದು ಹೇಳಿತು, ಊಟ ಆಯಿತೇ ಎಂದಿತು. ಗೆನೊವೆಫಾ ಬಾಗಿಲಿಗೆ ಒರಗಿಕೊಂಡು ಸತ್ತ ಗಂಡನ ಕತೆಯನ್ನೆಲ್ಲ ಹೇಳತೊಡಗಿದಳು. ತಾನು ಇಷ್ಟು ವರ್ಷದಲ್ಲಿ ಆಡದಷ್ಟು ಮಾತನ್ನು ತನ್ನ ದನಿ ಒಂದೇ ಮಧ್ಯಾಹ್ನದಲ್ಲಿ ಆಡಿತ್ತು. ಕಾಯೆತಾನ್‌ಗೆ ಕೇಳಲಾಗದೆ ಎರಡೂ ಕಿವಿ ಮುಚ್ಚಿಕೊಳ್ಳಬೇಕಾಯಿತು. ಅದು ಅಸೂಯೆ ಎಂದು ಅವನು ಒಪ್ಪಿಕೊಳ್ಳಲಿಲ್ಲ.

ಇದು ಹೀಗೇ ಹರಟಿದರೆ ಕೆಲಸ ಕೆಟ್ಟಿತು ಎಂದು ಅದಕ್ಕೆ ಒಂದೇ ನಿಯಮ ಹಾಕಿಕೊಟ್ಟ. ಯಾರು ಏನೇ ಹೇಳಲಿ, ಸುಮ್ಮನೆ ಒಪ್ಪಿಕೊಂಡು ಮಾತು ಮುಗಿಸಬೇಕು. ಮಾರನೆಯ ದಿನ ಮತ್ತೆ ಪರೀಕ್ಷೆ.

"ಪಾನ್ ಕಾಯೆತಾನ್, ರೇಡಿಯೋ ಸ್ವಲ್ಪ ಸಣ್ಣಗೆ ಮಾಡ್ತೀರಾ?"

"ಆಗಲಿ ಪಾನಿ ಗೆನೊವೆಫಾ, ಈಗ್ಲೇ," ಎಂದಿತು ಡಬ್ಬಿ, ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ ಎನ್ನುವ ಅಲ್ಲಿಯ ಮರ್ಯಾದೆ ತಪ್ಪದೆ.

ಮುದುಕಿ ತೆಪ್ಪಗೆ ಹೊರಟುಹೋದಳು. ಜಗಳವಿಲ್ಲ, ಹರಟೆಯಿಲ್ಲ. ಒಪ್ಪಿಕೊಳ್ಳುವವನ ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ ಎಂದು ಕಾಯೆತಾನ್ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಹಬ್ಬದ ಹಿಂದಿನ ಸಂಜೆ ಬಂತು. ಡಬ್ಬಿಗೆ ಹಬ್ಬದ ಹಾಡು ಗುನುಗಲು ಹೇಳಿ, ದೀಪ ಹಾಕಿಯೇ ಬಿಟ್ಟು, ಫೋನನ್ನು ಮೇಜಿನ ಮೇಲಿಟ್ಟು ಹಿಂದಿನ ಮೆಟ್ಟಿಲಿನಿಂದ ಇಳಿದ. ಟ್ರ್ಯಾಮ್ ಹತ್ತಲಿಲ್ಲ. ಸಣ್ಣಗೆ ಜಿನುಗುವ ಮಳೆಯಲ್ಲಿ ಹಳೆಯ ನೂಲಿನ ಗಿರಣಿಗಳ ಹಿಂದಿನ ಓಣಿಗಳನ್ನು ಹಿಡಿದು ನಡೆದ. ಪ್ರತಿ ಕಿಟಕಿಯಲ್ಲೂ ದೀಪ, ಮೇಜಿನ ಸುತ್ತ ಜನ. ಎದುರಿಗೆ ಒಂದು ನಾಯಿಯೂ ಬರಲಿಲ್ಲ.

ರೋಖ್ ಬಾಗಿಲು ತೆರೆದವನು ಅವನನ್ನು ನೋಡಿ ಕ್ಷಣ ಬೆಚ್ಚಿದ, ಆಮೇಲೆ ಮುಖ ಅರಳಿತು. "ನೀನಾ! ಬಾ ಬಾ, ಒದ್ದೆಯಾಗ್ಬಿಟ್ಟಿದ್ದೀಯ."

ಬಿಳಿಬಟ್ಟೆ ಹಾಸಿದ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು.

"ಯಾರಾದ್ರೂ ಬರೋರಿದ್ದಾರಾ?"

"ನನ್ಮನೆಗೆ ಯಾರು ಬರ್ತಾರೆ? ಗೊತ್ತಿಲ್ಲದ ಅತಿಥಿಗೆ ಅಂತ ಒಂದು ತಟ್ಟೆ ಎಲ್ರೂ ಇಡ್ತಾರಲ್ಲ, ನಾನೂ ಇಡ್ತೀನಿ. ಹುಟ್ಟಿದಾಗಿಂದ ನೋಡ್ತಿದ್ದೀನಿ, ಒಬ್ಬ ನನ್ಮಗನೂ ಬಂದು ಆ ಕುರ್ಚೀಲಿ ಕೂತಿಲ್ಲ. ನಿನ್ನನ್ನ ದೇವರೇ ಕಳಿಸಿದ. ಕೂತ್ಕೋ, ಸೂಪ್ ಕುಡಿ."

ಕಾಯೆತಾನ್‌ನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಇವನೂ ನನ್ನಂಥವನೇ ಅನ್ನಿಸಿ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅಡುಗೆಮನೆಯ ಗೂಡಿನಿಂದ, ಅವನದೇ ದನಿ, ಅವನದೇ ತಣ್ಣಗಿನ ಓದು: "ಒಲೆಯಲ್ಲಿ ಮೀನು ಬೆಂದಿದೆ, ರೋಖ್."

"ನೋಡ್ದಾ, ನಿನ್ನನ್ನ ನಾನು ಬಿಟ್ಟೇ ಇಲ್ಲ. ದಿನಾ ಮಾತಾಡ್ತೀವಿ ನಾವು," ರೋಖ್ ನಕ್ಕ.

ಕಾಯೆತಾನ್ ಕುರ್ಚಿ ಬಿಟ್ಟ. "ಊಟಕ್ಕೆ ಮುಂಚೆ ಕೆಳಗೆ ನಾನು ಓದ್ತಿದ್ದ ಕೋಣೆ ಒಂದ್ಸಲ ನೋಡ್ಬೇಕು," ಎಂದ. ರೋಖ್ ಗ್ಲಾಸು ಹಿಡಿದುಕೊಂಡೇ ಮುಂದೆ ಹೋದ. ಮೆಟ್ಟಿಲಿನ ತುದಿಯಲ್ಲಿ ಅವನ ಬೆನ್ನಿಗೆ ಎರಡೂ ಅಂಗೈ ಒತ್ತಿದ್ದಷ್ಟೇ. ಬಿದ್ದ ಸದ್ದು ಎಷ್ಟೋ ಸಿನಿಮಾಗಳಲ್ಲಿ ಕೇಳಿದ್ದಕ್ಕಿಂತ ಸಣ್ಣದಾಗಿತ್ತು. ಇಳಿದು ನೋಡಿದ, ಉಸಿರಿರಲಿಲ್ಲ. ಕುರ್ಚಿಯ ಬೆನ್ನನ್ನು ಕರವಸ್ತ್ರದಿಂದ ಒರೆಸಿ, ಬಾಗಿಲು ಎಳೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದ. ತಪ್ಪು ಮಾಡಿದ ಭಾವ ಬರಲೆಂದು ದಾರಿಯುದ್ದಕ್ಕೂ ಕಾದ. ಬಂದದ್ದು ಹಸಿವು ಮಾತ್ರ.

ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ತನ್ನ ದನಿ ಹಾಡುತ್ತಿರುವುದು ಕೇಳಿಸಿತು. ಸಮಾಧಾನವಾಯಿತು. ಇನ್ನೆರಡು ಮೆಟ್ಟಿಲು ಹತ್ತಿದ ಮೇಲೆ ಅದು ಗೋಡೆಯ ಆ ಕಡೆಯಿಂದ, ಗೆನೊವೆಫಾಳ ಮನೆಯಿಂದ ಬರುತ್ತಿದೆ ಎನ್ನುವುದು ಗೊತ್ತಾಯಿತು. ಅವನ ಬಾಗಿಲು ಒಂದೇ ಕೀಲಿನ ಮೇಲೆ ನೇತಾಡುತ್ತಿತ್ತು. ಸೆವೆರಿನ್ ಹಬ್ಬದ ಅಂಗಿಯ ತೋಳು ಮಡಿಚಿಕೊಂಡು ತಾಯಿಯ ಮನೆಯ ಹೊಸಿಲಲ್ಲಿ ನಿಂತಿದ್ದ. ಅವನ ನೋಟ ಕಾಯೆತಾನ್‌ನ ಒದ್ದೆ ಬೂಟಿನಿಂದ ಮುಖಕ್ಕೆ ಮೆಲ್ಲಗೆ ಏರಿತು.

"ಸಂಜೆಯಿಂದ ಒಳಗೆ ಮಾತಾಡ್ತಿದ್ದಿದ್ದು ಡಬ್ಬಿ. ನೀವೆಲ್ಲಿದ್ರಿ, ಪಾನ್ ಕಾಯೆತಾನ್?"

ತಾನು ಮನೆಯಲ್ಲಿಲ್ಲ ಎನ್ನುವುದು ಇವರಿಗೆ ಹೇಗೆ ಗೊತ್ತಾಯಿತು ಎಂದು ಅವನ ತಲೆ ಗಿರ್ರನೆ ತಿರುಗಿತು. ಆ ಡಬ್ಬಿ ಇಲ್ಲದೆ ಹೋಗಿದ್ದರೆ ಅವನನ್ನು ಯಾರೂ ಎಲ್ಲಿದ್ದೆ ಎಂದು ಕೇಳುತ್ತಲೂ ಇರಲಿಲ್ಲ. ಅಷ್ಟರಲ್ಲಿ ಗೆನೊವೆಫಾ ಮಗನನ್ನು ಪಕ್ಕಕ್ಕೆ ಸರಿಸಿಕೊಂಡು ಬಂದು ಅವನ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ, ಬದುಕಿದ್ದೀರಲ್ಲ! ಬಿದ್ದುಬಿಟ್ರೇನೋ ಅಂತ ನಾನೇ ಬಾಗಿಲು ಒಡೆಸ್ದೆ. ವರ್ಷಾ ವರ್ಷಾ ಕೇಳ್ತಿದ್ದೆ, ಒಂದು ತಟ್ಟೆ ಖಾಲಿ ಇದೆ, ಬಂದು ಕೂತ್ಕೊಳ್ಳಿ ಅಂತ. ವರ್ಷಾ ವರ್ಷಾ ಬೇಡ ಅಂತಿದ್ರಿ. ಈ ಸಲ ಕೇಳಿದ ತಕ್ಷಣ ‘ಆಗಲಿ ಪಾನಿ ಗೆನೊವೆಫಾ, ಈಗ್ಲೇ’ ಅಂದ್ರಿ. ಎಷ್ಟು ಖುಷಿಯಾಯ್ತು ಅಂದ್ರೆ, ನೀವು ಬರೋವರೆಗೂ ಯಾರೂ ಚಮಚ ಮುಟ್ಟಬಾರ್ದು ಅಂದ್ಬಿಟ್ಟೆ. ಆಮೇಲೆ ಎಷ್ಟು ಸಲ ಕರೆದ್ರೂ ಅದೇ ‘ಈಗ್ಲೇ’, ನೀವು ಮಾತ್ರ ಬರ್ಲಿಲ್ಲ." ಅವಳ ಭುಜದಾಚೆ ಮೇಜು ಕಾಣುತ್ತಿತ್ತು. ಸೂಪು ಆರಿತ್ತು, ಯಾರೂ ಉಂಡಿರಲಿಲ್ಲ, ಖಾಲಿ ತಟ್ಟೆಯ ಪಕ್ಕದಲ್ಲಿ ಕಪ್ಪು ಡಬ್ಬಿ ಹಾಡುತ್ತ ಕೂತಿತ್ತು.