ಏಳನೇ ಡಿಶ್‌ನ ನೆರಳು

ಕನಕರಾಜು ಜೊತೆ ನನ್ನ ಮೊದಲ ಮಾತೇ ಜಗಳ. ಏಳನೇ ಡಿಶ್ ತಿರುಗಿದೆ ಅಂತ ಅವನು, ಇಲ್ಲ ಅಂತ ನಾನು.

"ಹೊಸ ಸಿಸ್ಟಂ ಸ್ಕ್ರೀನಲ್ಲಿ ತಿರುಗಿದೆ ಮೇಡಂ."

"ಹಾಗಾದ್ರೆ ಸ್ಕ್ರೀನನ್ನೇ ಇಲ್ಲಿಗೆ ಕರ್ಕೊಂಡ್ಬನ್ನಿ," ಅಂತ ಫೋನ್ ಕುಕ್ಕಿದೆ. ಬಿಸಿಲಲ್ಲಿ ಬೇಯುತ್ತಾ ನಿಂತವಳಿಗೆ ಎಸಿ ರೂಮಿನವನ ಉಪದೇಶ ಬೇರೆ!

ಬಂದು ನೋಡಿದ. ಏಳು, ಎಂಟರ ವೈರು ಅದಲುಬದಲಾಗಿ, ಪಕ್ಕದ ಎಂಟನೆಯದು ತಿರುಗಿ ನಿಂತಿತ್ತು. ಕಿವಿ ಕೆಂಪಗೆ ಮಾಡಿಕೊಂಡು, ನನ್ನತ್ತ ಓರೆಗಣ್ಣಲ್ಲಿ ನೋಡಿ ನಕ್ಕ. ಆ ನಗುವಿಗೇ ನಾನು ಕೆಟ್ಟೆ.

ಗುಬ್ಬಿ ತಾಲ್ಲೂಕಿನ ಕಡಬದಾಚೆಯ ಬಯಲಿನಲ್ಲಿ ಆಕಾಶದ ರೇಡಿಯೋ ಅಲೆ ಹಿಡಿಯುವ ದೊಡ್ಡ ಡಿಶ್‌ಗಳಿವೆ. ಹಳೆಯ ಕಂಟ್ರೋಲ್ ಸಿಸ್ಟಂ ಅವಕ್ಕೆ ತಿರುಗು ಅನ್ನುತ್ತಿತ್ತು. ತಿರುಗಿದವೋ ಇಲ್ಲವೋ ಅದಕ್ಕೆ ತಿಳಿಯುತ್ತಿರಲಿಲ್ಲ. ಬುಡದಲ್ಲಿ ನಿಂತು ನೋಡಿ ಹೇಳುವುದು ಡಿಪ್ಲೊಮಾ ಓದಿದ ಇಂಪನಾಳ, ಅಂದರೆ ನನ್ನ ಕೆಲಸ. ಕುಣಿಗಲ್‌ನಿಂದ ಬೈಕಿನಲ್ಲಿ ಬರುವ ಕನಕರಾಜು ತಾನೇ ನೋಡಿಕೊಳ್ಳುವಂಥ ಹೊಸ ಸಿಸ್ಟಂ ಕೂರಿಸುತ್ತಿದ್ದ. ಅದು ಪಾಸಾದರೆ ಅವನಿಗೂ ಇಲ್ಲಿ ಕೆಲಸವಿಲ್ಲ, ನನಗೂ ಇಲ್ಲ.

ಮೊಬೈಲ್ ಅಲೆ ಡಿಶ್‌ಗೆ ಆಗಿಬರುವುದಿಲ್ಲವೆಂದು ಎಲ್ಲರ ಮೊಬೈಲೂ ಗೇಟಿನಲ್ಲಿ ವಾಚ್‌ಮನ್ ಗಂಗಹನುಮಯ್ಯನ ಡಬ್ಬಿ ಸೇರುತ್ತಿದ್ದವು. ಒಳಗೆ ಇದ್ದದ್ದು ಒಂದೇ ಲೈನಿನ ವೈರ್ ಫೋನು. ಯಾರು ಎಲ್ಲಿ ಎತ್ತಿದರೂ ಎಲ್ಲರ ಮಾತೂ ಕೇಳುತ್ತದೆ. ಹಾಗಾಗಿ ನಾವು 'ತಿರುಗ್ತಾ?' 'ತಿರುಗ್ತು' ಎನ್ನುವುದರಲ್ಲೇ ಸಂಸಾರ ಮಾಡಿದೆವು.

ಡಿಶ್ ಸರಿಯಾಗಿ ಗುರಿ ಹಿಡಿಯುತ್ತಾ ಅಂತ ನೋಡಲು ಮೊದಲು ಸೂರ್ಯನ ಕಡೆಗೆ ತಿರುಗಿಸುತ್ತಾರೆ. ನಾನು ಯಾವ ಡಿಶ್‌ನ ಬುಡದಲ್ಲಿ ನಿಂತರೆ ಅದಕ್ಕೇ ಸೂರ್ಯನ ಟೆಸ್ಟ್ ಮೊದಲು. ದೊಡ್ಡ ನೆರಳು ಬಂದು ನನ್ನ ಮೇಲೆ ಬೀಳುತ್ತಿತ್ತು. ಬೇಕಂತಲೇ ಮಾಡ್ತೀರಾ ಎಂದು ಗೇಟಿನ ಹತ್ತಿರ ಕೇಳಿದ್ದಕ್ಕೆ, ಸಾಫ್ಟ್‌ವೇರ್ ಹಂಗಿದೆ ಎಂದು ಹೆಲ್ಮೆಟ್ ಹಾಕಿಕೊಂಡು ಮುಖ ಮುಚ್ಚಿಕೊಂಡ.

ಕೊನೆಯ ಟೆಸ್ಟಿನ ದಿನ ನಾನೇ ನಾಚಿಕೆ ಬಿಟ್ಟು ಅವನನ್ನು ಏಳನೇ ಡಿಶ್‌ನ ಬುಡಕ್ಕೆ ಕರೆದೆ. ನನ್ನನ್ನು ನೋಡಿಕೊಂಡು ಹೋದ ಗುಬ್ಬಿಯ ಹುಡುಗನಿಗೆ ಸಂಜೆ ಒಪ್ಪಿಗೆ ಹೇಳಬೇಕು, ನೀವೇನಾದರೂ ಹೇಳುವುದಿದ್ದರೆ ಈಗಲೇ ಹೇಳಿ ಎಂದೆ.

ಅವನು ನೆಲ ನೋಡಿದ. "ನಮ್ಮಪ್ಪ ಹೆಣ್ಣು ಕೇಳೋಕೆ ನಿಮ್ಮನೆಗೆ ಬಂದಿದ್ರು."

ಯಾರೋ ತೆಂಗಿನ ಸಸಿ ಕೇಳಲು ಬಂದಿದ್ದರು ಅಂತ ಅಪ್ಪ ಅಂದಿದ್ದು ನೆನಪಾಯಿತು.

"ಮರ್ಯಾದೆಯಾಗೇ ಮಾತಾಡ್ಸಿದ್ರಂತೆ. ಜಗುಲೀಲಿ ಕೂರ್ಸಿ ಎಳನೀರು ಕೊಟ್ಟು, ನಿಮ್ ಜನ ಬೇರೆ, ನಮ್ ಜನ ಬೇರೆ ಅಂದ್ರಂತೆ. ಅಪ್ಪ ಬಂದು ಊಟ ಮಾಡ್ಲಿಲ್ಲ. ಇನ್ನೊಂದ್ಸಲ ಅವ್ರನ್ನ ಆ ಜಗುಲಿ ಮೇಲೆ ಕೂರ್ಸೋಕೆ ನನ್ ಕೈಲಾಗಲ್ಲ."

"ಮತ್ತೆ ನಾನು?"

"ನೀವಂದ್ರೆ ನಂಗೆ ಪ್ರಾಣ, ಇಂಪನಾ. ಆದ್ರೂ ಬೈಕ್ ಹತ್ತಿ, ಹೋಗ್ಬಿಡೋಣ ಅನ್ನೋಕೆ ಬಾಯಿ ಬರ್ತಿಲ್ಲ."

ಹತ್ತು ಅಂದಿದ್ದರೆ ಹತ್ತುತ್ತಿದ್ದೆನಾ? ಅಮ್ಮನ ಮುಖ ಕಣ್ಣೆದುರು ಬಂತು. ಅವನು ಕಂಟ್ರೋಲ್ ರೂಮಿಗೆ ಹೋದ.

ಸೂರ್ಯನ ಟೆಸ್ಟ್ ಮುಗಿಯಿತು. ಇನ್ನು ಹೊಸ ಸಿಸ್ಟಂ ತಾನೇ ಡಿಶ್‌ಗಳನ್ನು ಬೇರೆ ಕಡೆ ತಿರುಗಿಸಿ, ತಾನೇ ನೋಡಿಕೊಳ್ಳಬೇಕು. ಯಾರನ್ನೂ ಕೇಳುವ ಅಗತ್ಯವಿಲ್ಲ. ಆದರೂ ಫೋನ್ ಬಡಿದುಕೊಂಡಿತು.

"ತಿರುಗ್ತಾ?"

ಡಿಶ್ ನಿಧಾನವಾಗಿ ಸೂರ್ಯನನ್ನು ಬಿಟ್ಟು ಆಚೆ ಸರಿಯಿತು. ನೆರಳು ನನ್ನ ಹೆಗಲಿನಿಂದ ಜಾರಿ ನೆಲಕ್ಕೆ ಹೋಯಿತು. ಮುಖದ ಮೇಲೆ ಬಿಸಿಲು ಬಿತ್ತು.

"ತಿರುಗ್ತು," ಎಂದೆ.

ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಕೊನೆಗೆ ಲೈನಿನಲ್ಲಿ ಗೇಟಿನಿಂದ ಗಂಗಹನುಮಯ್ಯ ಮಾತಾಡಿದ.

"ಬಿಸ್ಲಲ್ಲಿ ನಿಂತ್ಕೋಬ್ಯಾಡ ಕಣವ್ವಾ. ಬಂದ್ಬುಡು."