ಎಡಗಡೆಯ ಬೆಲ್ಟು

ನಾಗರಿಕರ ಪ್ರಾಣರಕ್ಷಣೆ ಸರ್ಕಾರದ ಮೊದಲ ಹೊಣೆ. ಆ ಹೊಣೆಗೆ ಒದಗಿದ ಗಂಡಾಂತರವೊಂದು 2005ರ ಮೇ 23, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ವಿನೋಬನಗರದ ಠಾಣೆಯ ಮೆಟ್ಟಿಲು ಹತ್ತಿತು. ನಿವೃತ್ತ ಕೋರ್ಟ್ ಶಿರಸ್ತೇದಾರ್ ಷಡಕ್ಷರಪ್ಪನವರ ಕಾರಿನ ಸೀಟ್ ಬೆಲ್ಟ್ ಎಳೆದರೆ ಬರುತ್ತಿತ್ತು, ಬಿಟ್ಟರೆ ವಾಪಸ್ ಒಳಗೆ ಹೋಗುತ್ತಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಜ್ಞಾನೇಶ್ ನಗಲಿಲ್ಲ. ದೂರು ಮೂರು ಪುಟವಿತ್ತು, ಪುಟಪುಟಕ್ಕೂ ಸೆಕ್ಷನ್ನುಗಳಿದ್ದವು.

"ಮೆಕ್ಯಾನಿಕ್‌ಗೆ ತೋರಿಸ್ಬಹುದಿತ್ತಲ್ಲ ಸಾರ್."

"ತೋರಿಸಿದೀನಿ ಕಣ್ರೀ, ಎರಡು ಸಲ. ಭದ್ರಾವತಿ ಆನಂದ ಅಂತ. ಸರಿ ಮಾಡ್ತಾನೆ, ಒಂದೆರಡು ವಾರಕ್ಕೆ ಮತ್ತೆ ಅದೇ ಕತೆ. ಯಾರೋ ಬೇಕಂತ್ಲೇ ಅಂಟು ಬಳೀತಿದಾರೆ. ನನ್ನ ಅನುಮಾನ ಅವನ ಮೇಲೇನೇ. ಕೆಲಸ ಹುಟ್ಟಿಸ್ಕೊಳ್ತಾನೆ."

"ಕರೆಸಿ ರಾಜಿ ಮಾಡ್ಸೋಣ."

"ರಾಜಿ? ಸರ್ವೀಸ್ ಪೂರ್ತಿ ರಾಜಿ ನೋಡಿ ಸಾಕಾಗಿದೆ. ಮುನ್ನೂರ ಮೂವತ್ತಾರು ಹಾಕಿ, ಜೀವಕ್ಕೆ ಅಪಾಯ. ಅದನ್ನ ಹಾಕಿದ್ರೆ ನೀವೂ ಬಿಡೋ ಹಾಗಿಲ್ಲ, ನಾನೂ ವಾಪಸ್ ತಗೊಳ್ಳೋ ಹಾಗಿಲ್ಲ. ಇಲ್ದಿದ್ರೆ ಎಸ್‌ಪಿ ಸಾಹೇಬ್ರಿಗೆ ಬರೀತೀನಿ."

ಎಸ್‌ಪಿ ಕಚೇರಿಯಿಂದ ಬಂದ ಎರಡು ಮೆಮೊಗಳು ಜ್ಞಾನೇಶ್‌ರ ಮೇಜಿನ ಗಾಜಿನಡಿ ಆಗಲೇ ಇದ್ದವು. ಮೂರನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಷಡಕ್ಷರಪ್ಪನವರ ಮನೆಯ ಶೆಡ್ಡಿನಲ್ಲಿ ಪಂಚನಾಮೆ. ಜ್ಞಾನೇಶ್ ಎಡಗಡೆಯ ಬೆಲ್ಟನ್ನು ಪೂರ್ತಿ ಎಳೆದರು. ಬೆಲ್ಟು ಬಂತು, ಬೆರಳು ಬರಲಿಲ್ಲ. ಬೆರಳು ಬಿಡಿಸಿಕೊಂಡರೆ ಪೆನ್ನು ಅಂಟಿತು, ಪೆನ್ನಿಗೆ ಕಾಗದ ಅಂಟಿತು. ಪಂಚರಲ್ಲೊಬ್ಬರಾದ ಎದುರುಮನೆಯ ಸುಬ್ಬಪ್ಪ ಸಹಾಯಕ್ಕೆ ಕೈಹಾಕಿ ತಾವೂ ಅಂಟಿಕೊಂಡರು. ಅಷ್ಟರಲ್ಲಿ ಷಡಕ್ಷರಪ್ಪನವರ ಹೆಂಡತಿ ಬಸವರಾಜೇಶ್ವರಿ ಒಳಗಿನಿಂದ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದಿಟ್ಟು ಒಳಗೆ ಹೋದರು.

ಹೆಡ್ ಕಾನ್‌ಸ್ಟೇಬಲ್ ಕಲ್ಲಪ್ಪ ಬೆಲ್ಟು ಮೂಸಿದ. "ಹಲಸಿನ ಮೇಣ ಸಾರ್. ಈಗ ಸೀಸನ್ನು. ಯಾರ ಮನೇಲಿಲ್ಲ ಹೇಳಿ."

'ಅಂಟು ಪದಾರ್ಥ, ಹಲಸಿನ ಮೇಣದಂತೆ ಕಂಡುಬಂದಿದೆ' ಎಂದು ಬರೆಯಲಾಯಿತು. ಸಹಿಗಳು ಎಣ್ಣೆಯಲ್ಲಿ ಹರಡಿಕೊಂಡವು.

ಮಧ್ಯಾಹ್ನ ಭದ್ರಾವತಿಯಲ್ಲಿ ಆನಂದ ಕಾರೊಂದರ ಕೆಳಗಿನಿಂದ ತೆವಳಿ ಹೊರಬಂದ.

"ನೀನು ಮೇಣ ಹಚ್ತಿದೀಯ ಅಂತ ದೂರು."

"ನಾನಾ? ಬೆಲ್ಟ್ ಪೂರ್ತಿ ಎಳ್ದು, ಒಳಗೆ ಹೋಗದಂಗೆ ಕ್ಲಿಪ್ ಹಾಕಿ, ಸೀಮೆಎಣ್ಣೇಲಿ ಒರೆಸಿ, ಸೋಪ್ ನೀರಲ್ಲಿ ತೊಳ್ದು, ಒಣಗೋ ತನಕ ಕಾಯ್ಬೇಕು ಸಾರ್. ಅಷ್ಟು ಹೊತ್ತೂ ಯಜಮಾನ್ರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕಾನೂನು ಹೇಳ್ತಾರೆ. ಅಂಥಾ ಕೆಲಸಾನ ಯಾರಾದ್ರೂ ಹುಟ್ಟಿಸ್ಕೊಳ್ತಾರಾ ಮಾರಾಯ್ರೆ?"

"ಎರಡು ಸಲಾನೂ ಯಾವ ಬೆಲ್ಟು?"

"ಎಡಗಡೇದು. ಅಮ್ಮಾವ್ರದ್ದು."

"ಜೀಪ್ ಹತ್ತು."

ಆನಂದ ಕೈ ಒರೆಸಿಕೊಂಡ. "ಬರ್ತೀನಿ. ಆದ್ರೆ ಅರೆಸ್ಟ್ ಅಂತ ಪೇಪರಲ್ಲಿ ಬಂದ್ರೆ ನಾಳೆಯಿಂದ ನನ್ನ ಹತ್ರ ಕಾರು ಬಿಡೋರ್ಯಾರು ಸಾರ್?"

ಜ್ಞಾನೇಶ್ ಜೀಪಿನ ಬಾಗಿಲು ತೆರೆದರು. ಬೇರೆ ಆರೋಪಿ ಇರಲಿಲ್ಲ. ಷಡಕ್ಷರಪ್ಪನವರು ಮಧ್ಯಾಹ್ನ ಮೂರರಿಂದ ಠಾಣೆಯಲ್ಲೇ ಕೂತಿದ್ದರು. ಆನಂದನನ್ನು ಅವರೆದುರಿನ ಬೆಂಚಿನಲ್ಲಿ ಕೂರಿಸಲಾಯಿತು. "ದಸ್ತಗಿರಿ ಇವತ್ತೇ ಆಗ್ಬೇಕು," ಎಂದರು ಷಡಕ್ಷರಪ್ಪ, ಗಡಿಯಾರ ನೋಡುತ್ತ.

ಹೊರಗೆ ಕಲ್ಲಪ್ಪ ಬೀಡಿ ಹಚ್ಚಿದ. "ಯಜಮಾನ್ರ ಜೀವಕ್ಕೇ ಕೈ ಹಾಕೋದಾದ್ರೆ ಬಲಗಡೇದು ಹಾಳ್ಮಾಡ್ಬೇಕಿತ್ತು ಸಾರ್. ಆ ಅಮ್ಮನ ಮೇಲೆ ಯಾರಿಗೆ ದ್ವೇಷ? ಎಣ್ಣೆ ಬೇರೆ ತಂದುಕೊಟ್ರು."

ಜ್ಞಾನೇಶ್ ಬೆರಳು ನೋಡಿಕೊಂಡರು. ಎಣ್ಣೆಯನ್ನು ಯಾರೂ ಕೇಳಿರಲಿಲ್ಲ. ಅದು ಮೇಣವೆಂದು ಕಲ್ಲಪ್ಪ ಹೇಳಿದ್ದೂ ಎಣ್ಣೆ ಬಂದ ಮೇಲೆ.

ನಾಲ್ಕೂವರೆಗೆ ಮಹಿಳಾ ಪೇದೆ ಚೌಡಮ್ಮನನ್ನು ಕರೆದುಕೊಂಡು ಅವರು ಮತ್ತೆ ಆ ಮನೆಗೆ ಹೋದರು. ಬಸವರಾಜೇಶ್ವರಿ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು.

"ಕಾರಿನ ಕೀ ಎಲ್ಲಿರುತ್ತಮ್ಮ?"

"ಬಾಗಿಲ ಹಿಂದೆ, ಮೊಳೇಲಿ."

"ಬೆಳಿಗ್ಗೆ ಎಣ್ಣೆ ತಂದ್ರಲ್ಲ. ಕೈಗೆ ಅಂಟಿದ್ದು ಮೇಣ ಅಂತ ನಿಮಗೆ ಯಾರು ಹೇಳಿದ್ರು?"

ಹಾಲು ಉಕ್ಕಿ ಬಂತು. ಅವರು ಉರಿ ಸಣ್ಣ ಮಾಡಿದರು.

"ಆನಂದ ಸ್ಟೇಷನ್ನಲ್ಲಿದಾನೆ. ಸಂಜೆಗೆ ಅರೆಸ್ಟ್ ತೋರಿಸ್ಬೇಕು."

ಬಸವರಾಜೇಶ್ವರಿ ಒಲೆ ಆರಿಸಿದರು. "ಪಾಪ, ಆ ಹುಡುಗನ್ನ ಬಿಟ್ಬಿಡಿ. ನಾನೇ ಹಚ್ಚಿದ್ದು."

"ಯಾಕಮ್ಮ?"

"ಇವ್ರು ರಿಟೈರಾದ್ಮೇಲೆ ಕಾರು ಕಲ್ತ್ರು. ಪ್ರತಿ ಭಾನುವಾರ ಭದ್ರಾವತಿಗೆ ಹೋಗಿ ಬರ್ಬೇಕು. ಕೆಲಸ ಏನಿಲ್ಲ, ಬ್ಯಾಟರಿಗೆ ಒಳ್ಳೇದಂತೆ. ಬೆಲ್ಟು ನನಗೆ ಅವರೇ ಎಳ್ದು ಹಾಕ್ತಾರೆ. ಆಮೇಲೆ ಎಡಗಡೆ ನೋಡು, ಬಸ್ ಬಂತಾ ಹೇಳು, ಎಮ್ಮೆ ಎಷ್ಟು ದೂರ ಇದೆ ಹೇಳು. ಹೇಳಿದ್ರೆ ತಡವಾಯ್ತು ಅಂತಾರೆ, ಹೇಳ್ದಿದ್ರೆ ನಿದ್ದೆ ಮಾಡ್ತಿದ್ಯಾ ಅಂತಾರೆ. ಇಳಿಯೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ."

"ಬೆಲ್ಟು ಕೆಟ್ರೆ?"

"ಬೆಲ್ಟಿಲ್ದೆ ಮುಂದೆ ಕೂತ್ರೆ ಕಾನೂನುಬಾಹಿರ. ಹಿಂದೆ ಕೂರಿಸ್ತಾರೆ. ಹಿಂದೆ ಕೂತ್ರೆ ಗಾಳಿ ಸದ್ದಿಗೆ ಅವರ ಮಾತು ಅರ್ಧ ಕೇಳಿಸಲ್ಲ."

"ಹಿಂದೆ ಕೂರ್ತೀನಿ ಅಂತ ನೇರ ಹೇಳ್ಬಹುದಿತ್ತಲ್ಲ."

"ಹೇಳಿದೆ. ನೀನು ಹಿಂದೆ ಕೂತ್ರೆ ನಾನು ಡ್ರೈವರ್ ಥರ ಕಾಣ್ತೀನಿ ಅಂದ್ರು."

ಚೌಡಮ್ಮ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ತಿಥಿ ನೋಡತೊಡಗಿದಳು.

"ಸೀರೆ ಬದಲಾಯಿಸ್ಕೊಂಡು ಬರ್ತೀನಿ," ಎಂದರು ಬಸವರಾಜೇಶ್ವರಿ.

ಠಾಣೆಯಲ್ಲಿ ಹೆಂಡತಿಯನ್ನು ಕಂಡು ಷಡಕ್ಷರಪ್ಪ ಎದ್ದರು. "ನೀನ್ಯಾಕೆ ಬಂದೆ? ಹೇಳಿಕೆ ಮನೇಲೇ ತಗೋಬಹುದಲ್ಲ?"

ಜ್ಞಾನೇಶ್ ಎರಡು ವಾಕ್ಯದಲ್ಲಿ ವಿಷಯ ಹೇಳಿದರು. ಷಡಕ್ಷರಪ್ಪ ಹೆಂಡತಿಯ ಮುಖ ನೋಡಿದರು.

"ದೂರು ವಾಪಸ್ ತಗೋತೀನಿ."

"ಮುನ್ನೂರ ಮೂವತ್ತಾರು ಸಾರ್. ಎಫ್‌ಐಆರ್ ಆಗಲೇ ಕೋರ್ಟಿಗೆ ಹೋಗಿದೆ."

"ರಾಜಿ?"

ಬೆಳಿಗ್ಗೆಯ ಮಾತನ್ನು ತಿರುಗಿಸಿ ಹೇಳಲು ಜ್ಞಾನೇಶ್‌ಗೆ ಸಿಕ್ಕ ಅವಕಾಶವಿದು. ಆದರೆ ಮುದುಕರು ತಮ್ಮದೇ ದೂರಿನ ಪ್ರತಿ ತೆಗೆದು ಪುಟ ತಿರುವುತ್ತಿದ್ದರು. "ನಿಮಗೇ ಗೊತ್ತಲ್ಲ ಸಾರ್," ಎಂದಷ್ಟೇ ಹೇಳಿದರು.

"ನಾನು ಏನು ಕಡಿಮೆ ಮಾಡಿದ್ದೆ ಇವಳಿಗೆ?" ಷಡಕ್ಷರಪ್ಪ ಕೇಳಿದ್ದು ಯಾರನ್ನೆಂದು ತಿಳಿಯಲಿಲ್ಲ. ಬೆಂಚಿನ ಮೇಲಿದ್ದ ಆನಂದ ನೆಲ ನೋಡಿದ. ಬಸವರಾಜೇಶ್ವರಿ, "ರೀ, ಕೂತ್ಕೊಳ್ಳಿ. ಬಿ.ಪಿ. ಜಾಸ್ತಿಯಾಗುತ್ತೆ," ಎಂದರು.

ಸಂಜೆ ಐದೂವರೆಗೆ ಚೌಡಮ್ಮನ ಸಮ್ಮುಖದಲ್ಲಿ ದಸ್ತಗಿರಿ ಆಯಿತು. ಆನಂದನನ್ನು ಮನೆಗೆ ಕಳಿಸಲಾಯಿತು. ಐದೂ ಮುಕ್ಕಾಲಿಗೆ ಠಾಣಾ ಜಾಮೀನು. ಜಾಮೀನುದಾರರಾಗಿ ದೂರುದಾರರೇ ಸಹಿ ಹಾಕಿದರು. ಕೃತ್ಯದ ಕಾರಣವೆಂಬ ಕಲಂನಲ್ಲಿ ಏನು ಬರೆಯುವುದೆಂದು ಜ್ಞಾನೇಶ್ ಯೋಚಿಸಿ, 'ಆರೋಪಿತೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗಿತ್ತು' ಎಂದು ಬರೆದರು.

ಜುಲೈ ತಿಂಗಳಲ್ಲಿ ಬಸವರಾಜೇಶ್ವರಿ ತಪ್ಪೊಪ್ಪಿಕೊಂಡರು. ನ್ಯಾಯಾಲಯ ಸಣ್ಣದೊಂದು ದಂಡ ವಿಧಿಸಿತು. ಅದನ್ನು ಕಟ್ಟಿ, ಅವರು ಸಿಟಿ ಬಸ್ಸಿನಲ್ಲಿ ಮನೆಗೆ ಹೋದರು.